ಕರೆಂಟ್ ಸೈನ್ಸ್‌ನಲ್ಲಿ ಬಂದ ಒಂದು ಪೇಪರ್

ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುವ ಹುಡುಗರು ಜರ್ನಲ್ ಹೆಸರು ಕಿವಿಗೆ ಬಿದ್ದರೆ ಸಾಕು, ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು ಅಂತಾರೆ, ಅಂದರೆ ಅದರ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಅನ್ನೋ ಅಂಕೆ. ಅವರ ತಪ್ಪಲ್ಲ ಬಿಡಿ. ಇಂಟರ್‌ವ್ಯೂನಲ್ಲಿ, ಪ್ರಮೋಷನ್‌ನಲ್ಲಿ ಲೆಕ್ಕ ಹಾಕೋದೇ ಅದನ್ನ. ನಾನು ಮಾತ್ರ ಅವರಿಗೆ ಕುಡಿಯುವ ನೀರು ಶುದ್ಧ ಮಾಡುವ ಬಗ್ಗೆ ಕೆಮಿಸ್ಟ್ ಟಿ. ಪ್ರದೀಪ್ ಮಾಡಿದ ಕೆಲಸ ನೋಡಿ ಅಂತ ಹೇಳುತ್ತೇನೆ.

ಪ್ರದೀಪ್ ಕೇರಳದವರು. ಪಿಎಚ್‌ಡಿ ಮಾಡಿದ್ದು ನಮ್ಮ ಐಐಎಸ್‌ಸಿಯಲ್ಲಿ, ಸಿ.ಎನ್.ಆರ್. ರಾವ್ ಮತ್ತು ಎಂ.ಎಸ್. ಹೆಗ್ಡೆ ಅವರ ಹತ್ತಿರ. 1993ರಿಂದ ಐಐಟಿ ಮದ್ರಾಸ್‌ನಲ್ಲಿ ಮೇಷ್ಟ್ರು.

ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಸೋಡಿಯಂ ಬೋರೋಹೈಡ್ರೈಡ್ ಹಾಕಿದರೆ ನೀರಿನಂತಿದ್ದದ್ದು ನೋಡ್ತಾ ನೋಡ್ತಾ ಹಳದಿಯಾಗುತ್ತದೆ. ಆ ಹಳದಿ ಬಣ್ಣವೇ ಬೆಳ್ಳಿಯ ನ್ಯಾನೋ ಕಣಗಳದ್ದು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳದ್ದು. ಎಷ್ಟೋ ಲ್ಯಾಬ್‌ಗಳಲ್ಲಿ ಇದನ್ನು ಮಾಡಿ, ಫೋಟೋ ತೆಗೆದು, ಪೇಪರ್ ಬರೆದು ಮುಗಿಸುತ್ತಾರೆ. ಪ್ರದೀಪ್ ಮತ್ತು ಅವರ ವಿದ್ಯಾರ್ಥಿ, ಇಂಥ ಕಣಗಳು ಕ್ಲೋರಿನ್ ಇರುವ, ಸುಲಭಕ್ಕೆ ಒಡೆಯದ ಕಾರ್ಬನ್ ಟೆಟ್ರಾಕ್ಲೋರೈಡ್‌ನಂಥ ಅಣುವನ್ನೂ ಮಾಮೂಲಿ ಉಷ್ಣತೆಯಲ್ಲೇ ಒಡೆದುಹಾಕುತ್ತವೆ ಅಂತ ತೋರಿಸಿದರು. ಕ್ಲೋರಿನ್ ಇರುವ ಕೀಟನಾಶಕಗಳನ್ನೂ ಹೀಗೇ ನೀರಿನಿಂದ ತೆಗೆಯಬಹುದಲ್ವಾ? ಅಲ್ಲಿಂದ ದಾರಿ ತೆರೆಯಿತು. ಆ ಪೇಪರ್ 2003ರಲ್ಲಿ ಬಂದದ್ದು ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್‌ನಲ್ಲಿ. ಇವತ್ತು ನಮ್ಮ ಕಮಿಟಿಗಳ ಮುಂದಿಟ್ಟರೆ ಇಂಡಿಯನ್ ಜರ್ನಲ್ಲಾ ಅಂತ ಪಕ್ಕಕ್ಕೆ ಸರಿಸುವವರೇ ಜಾಸ್ತಿ. 2007ರ ಹೊತ್ತಿಗೆ ಅದೇ ಕೆಲಸದಿಂದ ಹುಟ್ಟಿದ ಫಿಲ್ಟರ್ ಅಂಗಡಿಗೆ ಬಂದಿತ್ತು.

ಆಮೇಲೆ ಅವರು ಕೈ ಹಾಕಿದ್ದು ಕುಡಿಯುವ ನೀರಿನಲ್ಲಿ ಸೇರುವ ವಿಷ, ಆರ್ಸೆನಿಕ್‌ಗೆ. ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು, ಅಷ್ಟೇ. ಅದನ್ನು ಹಿಡಿಯೋಕೆ ಇವರು ಬಳಸಿದ್ದು ತುಕ್ಕಿನ ಜಾತಿಗೇ ಸೇರಿದ ಕಬ್ಬಿಣದ ಸಂಯುಕ್ತ. ಅದರ ನ್ಯಾನೋ ಕಣಗಳನ್ನು ಸೀಗಡಿ, ಏಡಿಯ ಚಿಪ್ಪಿನಿಂದ ಬರುವ ಕೈಟೋಸಾನ್‌ನಲ್ಲಿ ಕೂರಿಸಿದರು. ಕುಲುಮೆ ಬೇಡ, ನೀರಲ್ಲೇ ತಯಾರಾಗುತ್ತದೆ. ಕಣ ಸಣ್ಣದಾದಷ್ಟೂ ಮೇಲ್ಮೈ ಜಾಸ್ತಿ, ಆರ್ಸೆನಿಕ್ ಅಂಟಿಕೊಳ್ಳಲು ಜಾಗವೂ ಜಾಸ್ತಿ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನ ಹೀಗೆ ಆರ್ಸೆನಿಕ್ ತೆಗೆದ ನೀರು ಕುಡಿಯುತ್ತಿದ್ದಾರೆ. 2022ರಲ್ಲಿ ಇದಕ್ಕೇ ವಿಯೆಟ್ನಾಂನ ಅಂತರರಾಷ್ಟ್ರೀಯ ವಿಜ್ಞಾನ ಪ್ರಶಸ್ತಿ ವಿನ್‌ಫ್ಯೂಚರ್ ಬಂತು.

ಇದೆಲ್ಲ ಆಗೋಕೆ ಎಷ್ಟು ವರ್ಷ ಹಿಡಿಯಿತು ನೋಡಿ. ವರ್ಷಕ್ಕೆ ಇಷ್ಟು ಪೇಪರ್ ಅಂತ ಕೇಳೋ ಕಡೆ ಯಾರು ಇಂಥ ಕೆಲಸಕ್ಕೆ ಕೈ ಹಾಕ್ತಾರೆ? ನಮ್ಮ ರಾಯಚೂರು, ಯಾದಗಿರಿಯ ಚಿನ್ನದ ಗಣಿ ಇರುವ ಕಡೆ ಅಂತರ್ಜಲದಲ್ಲಿ ಆರ್ಸೆನಿಕ್ ಇದೆ. ಪಾವಗಡದಲ್ಲಿ, ಕೋಲಾರದಲ್ಲಿ ಫ್ಲೋರೈಡ್. ಆ ಊರುಗಳ ಬೋರ್‌ವೆಲ್ ನೀರಿನ ಮೇಲೆ ಕೆಲಸ ಮಾಡೋಕೆ ಒಪ್ಪಿದ ಹುಡುಗಿಗೆ ಐದು ವರ್ಷ ಆಯ್ತು ಅಂತ ಫೆಲೋಶಿಪ್ ನಿಲ್ಲಿಸಬೇಡಿ. ಫಿಲ್ಟರ್ ಹಳ್ಳಿಯಲ್ಲಿ ಒಂದು ವರ್ಷ ಕೆಟ್ಟುಹೋಗದೆ ನಡೆದರೆ ಅದನ್ನೂ ಒಂದು ಪೇಪರ್‌ನಷ್ಟೇ ಲೆಕ್ಕಕ್ಕೆ ತಗೊಳ್ಳಿ. ಯೂನಿವರ್ಸಿಟಿ ಕಮಿಟಿಗಳಲ್ಲಿ ಕೂರುವ ಸ್ನೇಹಿತರು ಇಲ್ಲಿ ಎಷ್ಟೋ ಜನ ಇದ್ದೀರಿ, ಮುಂದಿನ ಮೀಟಿಂಗ್‌ನಲ್ಲಿ ಈ ಮಾತು ಎತ್ತಿ.