ಎಲೆಯ ಬೂದು ಬಣ್ಣ ನೋಡಿ ಕಾಡು ಕ್ರೋಟನ್‌ಗೆ ಹೆಸರಿಡಬೇಡಿ

'ಎಲೆ ಬೂದು ಬಣ್ಣ ಇದ್ದರೆ ಸಾಕು, ಅದು ಕ್ರೋಟನ್ ಟೆಕ್ಸೆನ್ಸಿಸ್' (ಕಾಡು ಕ್ರೋಟನ್ ಗಿಡಗಳ ಒಂದು ಜಾತಿ) ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಅಮೆರಿಕದ ಬಯಲಿನಲ್ಲಿ ಬೆಳೆಯುವ ಬೇರೆ ಕ್ರೋಟನ್‌ಗಳಿಗೂ ಅದೇ ಬಣ್ಣ. ನಕ್ಷತ್ರದಂತೆ ಕವಲೊಡೆದ ಸಣ್ಣ ರೋಮಗಳಿಂದ ಅದು ಬರುತ್ತದೆ. ನೋಡಲು ಸಾದಾ ಭೂತಗನ್ನಡಿ ಸಾಕು.

ಬಣ್ಣ ಬಿಡಿ, ಹೂವು ನೋಡಿ. ಟೆಕ್ಸೆನ್ಸಿಸ್‌ನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಇನ್ನೊಂದು ಕ್ರೋಟನ್ ಜಾತಿ ಕ್ಯಾಪಿಟೇಟಸ್‌ನಲ್ಲಿ ಎರಡೂ ಹೂವು ಒಂದೇ ಗಿಡದಲ್ಲಿ, ಮೈಯೆಲ್ಲ ಉಣ್ಣೆ ಹೊದ್ದ ಹಾಗೆ. ಮೂರನೆಯ ಜಾತಿ ಮೊನಾಂತೊಗೈನಸ್‌ನ ಕಾಯಿ ಬಿಡಿಸಿದರೆ ಸಾಮಾನ್ಯವಾಗಿ ಒಂದೇ ಬೀಜ. ಉಳಿದೆರಡರಲ್ಲಿ ಮೂರು. ನಾಲ್ಕನೆಯ ಜಾತಿ ಗ್ಲಾಂಡುಲೋಸಸ್ ಅಂತೂ ತೀರಾ ಸುಲಭ: ಎಲೆಯಂಚು ಹಲ್ಲುಹಲ್ಲು, ತೊಟ್ಟು ಎಲೆಗೆ ಸೇರುವಲ್ಲಿ ತಟ್ಟೆಯಾಕಾರದ ಪುಟ್ಟ ಗ್ರಂಥಿಗಳು.

ಅಂದ ಹಾಗೆ, ಟೆಕ್ಸೆನ್ಸಿಸ್‌ನ ಗಂಡು ಗಿಡದಲ್ಲಿ ಕಾಯಿ ಹುಡುಕುತ್ತಾ ಸುಮ್ನೆ ಸಮಯ ಹಾಳು ಮಾಡಬೇಡಿ.