ಸಂಶೋಧನಾ ಪೇಪರ್ ಬಂತು ಸರಿ, ಅದರಲ್ಲಿ ಏನಿದೆ ಹೇಳಿ

ತನ್ನ ಪುಸ್ತಕದ ಬಗ್ಗೆ ತಾನೇ ಹೇಳಿಕೊಳ್ಳಬಾರದು ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡದ ಸಂಶೋಧನಾ ಪುಸ್ತಕಕ್ಕೆ ಜಾಹೀರಾತು ಕೊಡುವವರು ಯಾರಿದ್ದಾರೆ? ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಹೋದ ಪ್ರತಿಗಳು ಬಿಟ್ಟರೆ ಎಷ್ಟೋ ಪುಸ್ತಕ ಲೇಖಕರ ಮನೆಯ ಅಟ್ಟದಲ್ಲೇ ಇರುತ್ತವೆ. ಹೇಳಿಕೊಳ್ಳಲೇಬೇಕು. ಸಂಕೋಚಪಟ್ಟು ಸುಮ್ಮನಿದ್ದು, ಒಳ್ಳೆಯ ಕೆಲಸ ಯಾರ ಕಣ್ಣಿಗೂ ಬೀಳದ ಹಾಗೆ ಮಾಡಿಕೊಂಡ ಮೇಷ್ಟ್ರುಗಳನ್ನು ನೋಡಿದ್ದೇನೆ.

ನನ್ನ ತಕರಾರು ಹೇಳುವ ರೀತಿಯದ್ದು.

ಅಧ್ಯಾಪಕರ ವಾಟ್ಸಾಪ್‌ಗಳಲ್ಲಿ ಓಡಾಡುವ ವಿಚಾರ ಸಂಕಿರಣದ ಪೋಸ್ಟರ್‌ಗಳನ್ನು ನೋಡಿ. ಮೇಲೆ ಶಾಸಕರು, ಅಧ್ಯಕ್ಷರು, ಪ್ರಾಂಶುಪಾಲರ ಫೋಟೋಗಳ ಸಾಲು. ಸಂಚಾಲಕರ ಫೋಟೋ ಎಲ್ಲಕ್ಕಿಂತ ದೊಡ್ಡದು. ವಿಷಯ ಏನು ಅಂತ ತಿಳಿಯಲು ಎರಡು ಬೆರಳಲ್ಲಿ ಹಿಗ್ಗಿಸಿ ಹುಡುಕಬೇಕು. ಸಾರಾಂಶ ಕಳಿಸಲು ಕೊನೆಯ ದಿನ ಯಾವುದು, ಶುಲ್ಕ ಎಷ್ಟು, ಬಂದ ಲೇಖನವನ್ನು ಯಾರಾದರೂ ಓದಿ ಆರಿಸುತ್ತಾರಾ, ಒಂದೂ ಇರೋದಿಲ್ಲ. ‘ಐಎಸ್‌ಎಸ್‌ಎನ್ ಇರುವ ಪತ್ರಿಕೆಯಲ್ಲಿ ಪ್ರಕಟಿಸಲಾಗುವುದು’ ಅನ್ನೋದು ಮಾತ್ರ ಕೆಂಪಕ್ಷರದಲ್ಲಿ! ಐಎಸ್‌ಎಸ್‌ಎನ್ ಅಂದರೆ 8 ಅಂಕಿಯ ಒಂದು ಗುರುತಿನ ಸಂಖ್ಯೆ ಅಷ್ಟೇ. ಪತ್ರಿಕೆ ಚೆನ್ನಾಗಿದೆ ಅಂತ ಯಾರೂ ಅದನ್ನು ಕೊಟ್ಟಿರುವುದಿಲ್ಲ.

ಈ ಗೀಳು ಸುಮ್ನೆ ಬಂದಿದ್ದಲ್ಲ. 2010ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಧ್ಯಾಪಕರ ಬಡ್ತಿಗೆ ಎಪಿಐ ಅನ್ನೋ ಅಂಕ ಪದ್ಧತಿ ತಂದಿತು. ಲೇಖನಕ್ಕಿಷ್ಟು, ಸೆಮಿನಾರಿಗಿಷ್ಟು. ಕಳಪೆ ಪತ್ರಿಕೆಗಳ ಹಾವಳಿ ತಡೆಯಲು ಆಮೇಲೆ ಕೇರ್ ಪಟ್ಟಿ, ಅಂದರೆ ಯುಜಿಸಿ ಒಪ್ಪಿದ ಪತ್ರಿಕೆಗಳ ಪಟ್ಟಿ, ಬಂತು. ಅದನ್ನೂ ಕೈಬಿಟ್ಟಿದ್ದೇವೆ ಅಂತ 2025ರ ಫೆಬ್ರವರಿಯಲ್ಲಿ ಯುಜಿಸಿಯೇ ಪ್ರಕಟಿಸಿತು. ಪಟ್ಟಿ ಹೋಯಿತು, ಅಂಕದ ಹಸಿವು ಹೋಗಲಿಲ್ಲ. ಹಾಗಾಗಿ ಈಗಲೂ ಲೇಖನಕ್ಕಿಂತ ಅದರ ಸರ್ಟಿಫಿಕೇಟ್ ಹೆಚ್ಚು ಓಡಾಡುತ್ತದೆ. ಕೆಳಗೆ ಅಭಿನಂದನೆಗಳ ಸುರಿಮಳೆ. ಲೇಖನದ ವಾದ ಏನು ಅಂತ ಒಬ್ಬರೂ ಕೇಳುವುದಿಲ್ಲ. ಹಾಕಿದವರಿಗೂ ಅದು ಬೇಕಿಲ್ಲ ಬಿಡಿ.

ಇನ್ನು ಕೆಲವರಿಗೆ ಹೊತ್ತುಗೊತ್ತೂ ಇಲ್ಲ. ಹಿರಿಯ ವಿದ್ವಾಂಸರೊಬ್ಬರು ತೀರಿಕೊಂಡ ಸುದ್ದಿಯ ಕೆಳಗೆ ಎಲ್ಲರೂ ನಮನ ಬರೆಯುತ್ತಿದ್ದಾಗ, ನಡುವೆ ಒಂದು ಮುಖಪುಟ ಬಂತು. ‘ನನ್ನ ಹೊಸ ಕೃತಿ. ಪ್ರತಿಗಳಿಗೆ ಸಂಪರ್ಕಿಸಿ.’ ಅದಕ್ಕೂ ಇಬ್ಬರು ಕೈಮುಗಿದಿದ್ದರು, ಯಾವುದಕ್ಕೆ ಅಂತ ಗೊತ್ತಾಗಲಿಲ್ಲ.

ಚೆನ್ನಾಗಿ ಹೇಳುವುದು ಕಷ್ಟವೇನಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಶಿಕಾರಿಪುರದ ಕಡೆಯ ವೀರಗಲ್ಲುಗಳ ಮೇಲೆ ಬರೆದ ಲೇಖನ ಹಂಚಿಕೊಂಡಳು. ತುರುಗೋಳಿನಲ್ಲಿ, ಅಂದರೆ ದನ ಹಿಡಿದೊಯ್ಯುವ ಕಾಳಗದಲ್ಲಿ, ಸತ್ತವರ ಕಲ್ಲುಗಳನ್ನಷ್ಟೇ ನೋಡಿದ್ದೇನೆ, ಒಂದು ಕಲ್ಲಿನ ಬರಹ ಓದಿದ್ದು ಸರಿಯೋ ತಪ್ಪೋ ಅನುಮಾನ ಇದೆ, ಶಾಸನ ಬಲ್ಲವರು ಹೇಳಿ ಅಂತ ನಾಲ್ಕು ಸಾಲು. ಜೊತೆಗೆ ಪಿಡಿಎಫ್ ಮತ್ತು ಆ ಕಲ್ಲಿನ ಫೋಟೋ. ಅವಳ ಫೋಟೋ ಇರಲಿಲ್ಲ. ಯಾವತ್ತೂ ಬಾಯಿ ಬಿಡದ ಇಬ್ಬರು ನಿವೃತ್ತ ಮೇಷ್ಟ್ರುಗಳು ಅವತ್ತು ಒಂದು ಅಕ್ಷರಕ್ಕಾಗಿ ರಾತ್ರಿವರೆಗೂ ಜಗಳವಾಡಿದರು.

ಮುಂದಿನ ತಿಂಗಳು ನಮ್ಮ ವಿಭಾಗದಲ್ಲೂ ಒಂದು ಸೆಮಿನಾರ್ ಇದೆ. ಪೋಸ್ಟರ್‌ನಲ್ಲಿ ವಿಷಯ ದೊಡ್ಡದಾಗಿರಲಿ ಅಂತ ಎಲ್ಲರೂ ಒಪ್ಪಿದ್ದಾರೆ. ಫೋಟೋ ಬೇಡ ಸಾರ್ ಅಂತ ಪ್ರಾಂಶುಪಾಲರಿಗೆ ಯಾರು ಹೇಳಬೇಕು ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.