ಮೊಲದ ಲೆಕ್ಕ ಕ್ರಿಲ್‌ಗೆ ಒಪ್ಪುತ್ತದೆಯೇ?

ಪರ

ಕೆನಡಾದ ಕಾಡಿನ ಸ್ನೋಶೂ ಮೊಲವನ್ನೂ ಅಂಟಾರ್ಕ್ಟಿಕಾ ಕಡಲಿನ ಬೆರಳುದ್ದದ ಕ್ರಿಲ್ ಎಂಬ ಕಠಿಣಚರ್ಮಿಯನ್ನೂ ಅಕ್ಕಪಕ್ಕ ನಿಲ್ಲಿಸಿದರೆ ನಗು ಬರಬಹುದು. ಆದರೆ ಎರಡರ ಪಾಡೂ ಒಂದೇ: ತಾವು ತಿಂದದ್ದಕ್ಕಿಂತ ತಮ್ಮನ್ನು ತಿನ್ನುವವರಿಂದಲೇ ಹೆಸರುವಾಸಿ. ಮೊಲವನ್ನು ನೆಚ್ಚಿ ಲಿಂಕ್ಸ್ ಬೆಕ್ಕು ಬದುಕುತ್ತದೆ, ಕ್ರಿಲ್ ನೆಚ್ಚಿ ನೀಲಿ ತಿಮಿಂಗಿಲ ಮತ್ತು ಅಡೇಲಿ ಪೆಂಗ್ವಿನ್.

ಮೊಲದ ಸಂಖ್ಯೆ ಸುಮಾರು 10 ವರ್ಷಕ್ಕೊಮ್ಮೆ ಉಕ್ಕಿ ಕುಸಿಯುತ್ತದೆ. ಅದರ ಬೆನ್ನಿಗೇ ಲಿಂಕ್ಸ್ ಏರಿಳಿದದ್ದು ಹಡ್ಸನ್ಸ್ ಬೇ ಕಂಪನಿಯ ತುಪ್ಪಳ ವ್ಯಾಪಾರದ ದಾಖಲೆಗಳಲ್ಲೇ ಇದೆ. ಅಂಟಾರ್ಕ್ಟಿಕಾದ ಪರ್ಯಾಯ ದ್ವೀಪದ ಬಳಿ ಕ್ರಿಲ್ ಮರಿಗಳೂ ಐದಾರು ವರ್ಷಕ್ಕೊಮ್ಮೆ ಹೇರಳವಾಗುತ್ತವೆ. ಹಾಗಿರುವಾಗ ಮೊಲದಂತೆ ಕ್ರಿಲ್ ಕೂಡ ಮತ್ತೆ ಏರೀತು; ಕ್ರಿಲ್‌ನ ಒಂದೆರಡು ಬಡ ವರ್ಷಗಳನ್ನು ನೋಡಿ ಸರ್ವನಾಶವೆಂದು ಕೂಗುವುದು ಆತುರ.

ವಿರೋಧ

ಏರಿಳಿತ ಎರಡಕ್ಕೂ ಇದೆ, ಸರಿ. ಅದನ್ನು ನಡೆಸುವ ಕೈ ಯಾವುದು ಎಂಬುದೇ ಪ್ರಶ್ನೆ. ಕೆನಡಾದ ಯುಕಾನ್ ಪ್ರಾಂತ್ಯದ ಕ್ಲುವಾನಿಯಲ್ಲಿ 1986ರಿಂದ ನಡೆದ ಪ್ರಯೋಗದಲ್ಲಿ ವಿದ್ಯುತ್ ಬೇಲಿ ಹಾಕಿ ಬೇಟೆಗಾರ ಪ್ರಾಣಿಗಳನ್ನು ಹೊರಗಿಟ್ಟಾಗ ಮೊಲಗಳು ಸುಮಾರು ಎರಡು ಪಟ್ಟಾದವು, ಮೇವು ಕೊಟ್ಟಾಗ ಮೂರು ಪಟ್ಟು, ಎರಡನ್ನೂ ಮಾಡಿದಾಗ ಹನ್ನೊಂದು ಪಟ್ಟು. ಮೊಲದ ಕಥೆಯಲ್ಲಿ ತಿನ್ನುವವನಿಗೆ ಅಷ್ಟು ತೂಕವಿದೆ.

ದಕ್ಷಿಣ ಸಾಗರದಲ್ಲಿ ಇಂಥದೇ ಪ್ರಯೋಗವನ್ನು ಮನುಷ್ಯ ತಿಳಿಯದೆಯೇ ಮಾಡಿದ. 20ನೇ ಶತಮಾನದಲ್ಲಿ ಲಕ್ಷಗಟ್ಟಲೆ ತಿಮಿಂಗಿಲಗಳನ್ನು ಕೊಂದ. ಮೊಲದ ಲೆಕ್ಕದಂತೆ ಕ್ರಿಲ್ ಉಕ್ಕಬೇಕಿತ್ತು. ಆ ನಿರೀಕ್ಷೆ ಹುಸಿಯಾಯಿತು. ತಿಮಿಂಗಿಲದ ಮಲದಲ್ಲಿನ ಕಬ್ಬಿಣವೇ ಕ್ರಿಲ್ ತಿನ್ನುವ ಸೂಕ್ಷ್ಮ ಸಸ್ಯಗಳಿಗೆ ಗೊಬ್ಬರವಾಗಿತ್ತು ಎಂಬುದು ಒಂದು ವಿವರಣೆ; ತಿನ್ನುವವನೇ ಉಣಿಸುವವನೂ ಆಗಿರುವ ಲೆಕ್ಕವನ್ನು ಲಿಂಕ್ಸ್ ಕಲಿಸಲಾರದು.

ಇನ್ನು ಹಿಮ. ಕ್ರಿಲ್ ಮರಿಗಳು ಮೊದಲ ಚಳಿಗಾಲ ಕಳೆಯುವುದು ಕಡಲ ಮಂಜುಗಡ್ಡೆಯ ತಳದಲ್ಲಿ ಬೆಳೆದ ಪಾಚಿಯನ್ನು ಕೆರೆದು ತಿಂದು. ಮಂಜುಗಡ್ಡೆ ಕಡಿಮೆಯಾದರೆ ಮುಂದಿನ ಪೀಳಿಗೆಯೂ ಸೊರಗುತ್ತದೆ. ಮೊಲ ಕುಸಿದಾಗ ಹಸಿದ ಲಿಂಕ್ಸ್‌ಗಳು ಸಾಯುತ್ತವೆ ಅಥವಾ ಬೇರೆಡೆ ಹೋಗುತ್ತವೆ, ಉಳಿದ ಮೊಲಗಳು ಬೇಸಿಗೆಗೆ ಮೂರ್ನಾಲ್ಕು ಸಲ ಮರಿ ಹಾಕಿ ಮತ್ತೆ ಕಾಡು ತುಂಬುತ್ತವೆ. ಪೆಂಗ್ವಿನ್‌ಗಳೆಲ್ಲ ಹಸಿದು ಸತ್ತರೂ ಮಂಜುಗಡ್ಡೆ ಮರಳುವುದಿಲ್ಲ.

ಕ್ರಿಲ್ ಹಿಡಿಯುವ ಹಡಗಿನ ವಿಷಯವೂ ಹಾಗೆಯೇ. ನೈಋತ್ಯ ಅಟ್ಲಾಂಟಿಕ್ ಭಾಗದಲ್ಲಿ ವರ್ಷಕ್ಕೆ 6.2 ಲಕ್ಷ ಟನ್ ಎಂಬ ಮಿತಿಯನ್ನು ಅಂತರರಾಷ್ಟ್ರೀಯ ಒಪ್ಪಂದದಡಿ ಇಟ್ಟಿದ್ದಾರೆ. ಬೇಟೆ ವಿರಳವಾದರೆ ಲಿಂಕ್ಸ್ ಉಪವಾಸ ಬೀಳುತ್ತದೆ. ಹಡಗು ಇನ್ನಷ್ಟು ಡೀಸೆಲ್ ಸುಟ್ಟು, ಕ್ರಿಲ್ ಗುಂಪುಗೂಡಿದಲ್ಲಿಗೇ ಹೋಗಿ ಬಲೆ ಇಳಿಸುತ್ತದೆ.